ಏರಿನಲ್ಲಿ ಮಾತ್ರ ಹತ್ತುವ ದೀಪ

ಪಿಕಪ್ ಕೊಂಡು ಮೂರು ತಿಂಗಳಾಗಿತ್ತು. ಹುಣಸೆ ಧೂಳು ಮೆತ್ತಿದ ಮೀಟರಿನ ಗಾಜನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದಾಗ ಉಗುರಿಗೆ ಏನೋ ತಡೆಯಿತು. ಹುಣಸೆ ಬೀಜದಷ್ಟು ಅಗಲದ ಕಪ್ಪು ಇನ್ಸುಲೇಷನ್ ಟೇಪಿನ ಚೂರು. ಮೀಟರಿನ ಹಿನ್ನೆಲೆ ಕಪ್ಪು, ಟೇಪೂ ಕಪ್ಪು. ಅಂಟಿಸಿದವನ ಕೈಚಳಕವನ್ನು ಮೆಚ್ಚಲೇಬೇಕು. ಕಿತ್ತು ಕೀಲಿ ತಿರುಗಿಸಿದೆ. ಟೇಪು ಇದ್ದ ಜಾಗದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತಿತು. ಗಾಡಿ ಸ್ಟಾರ್ಟ್ ಮಾಡಿದೆ, ಆರಿತು. ಸರಿ, ಯಾವುದೋ ಹಳೆಯ ಕಥೆ ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಮೂರು ದಿನ ಬಾಳಿತು.

ನಮ್ಮದು ಕೊರಟಗೆರೆ ತಾಲ್ಲೂಕು. ಮಾವನವರ ಕಾಲದಿಂದಲೂ ಹುಣಸೆ ವ್ಯಾಪಾರ. ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಮರಗಳನ್ನು ಗುತ್ತಿಗೆ ಹಿಡಿಯುತ್ತೇವೆ, ಹಣ್ಣು ಬಡಿಸುತ್ತೇವೆ, ಸಿಪ್ಪೆ ಬೀಜ ಬಿಡಿಸಿ ತುಮಕೂರಿನ ಎಪಿಎಂಸಿಗೆ ಒಯ್ಯುತ್ತೇವೆ. ಮೊದಲಿದ್ದ ಗಾಡಿಯಲ್ಲಿ ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ, ಕಂಪ್ಯೂಟರ್ ಎಂಬುದೇ ಇರಲಿಲ್ಲ. ಕಾಯಿಲೆ ಬಂದರೆ ಹೊಗೆಯ ಬಣ್ಣ ನೋಡಿ, ಸದ್ದು ಕೇಳಿ ಹೇಳುತ್ತಿದ್ದರು. ಈಗಿನದು 2017ರದು. ಆ ವರ್ಷದ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-4 ಎಂಬ ಹೊಗೆ ಮಿತಿಗೆ ಒಳಪಟ್ಟ ಗಾಡಿಗಳನ್ನೇ ಮಾರಬೇಕೆಂಬ ನಿಯಮ ಬಂದಿತ್ತು. ಹಾಗಾಗಿ ಇದರಲ್ಲಿ ಕಾಮನ್ ರೈಲ್ ಎಂಜಿನ್, ಮೂಲೆ ಮೂಲೆಗೂ ಸೆನ್ಸರ್, ಎಲ್ಲದರ ಮೇಲೆ ಯಜಮಾನಿಕೆ ನಡೆಸುವ ಇಸಿಯು ಎಂಬ ಕಂಪ್ಯೂಟರ್. ರೈಲ್ ಎಂದರೆ ಭಾರಿ ಒತ್ತಡದ ಡೀಸೆಲ್ ತುಂಬಿರುವ ಕೊಳವೆ, ಅದರಿಂದಲೇ ಎಲ್ಲ ಇಂಜೆಕ್ಟರ್‌ಗಳು ಡೀಸೆಲ್ ಪಡೆದು ಸಿಲಿಂಡರಿಗೆ ಚಿಮ್ಮಿಸುತ್ತವೆ. ನನ್ನ ಕೈಗೆ ಬಂದಾಗ 2,10,000 ಕಿಲೋಮೀಟರ್ ಓಡಿತ್ತು.

ಹಳೆಯ ಗಾಡಿ ಕೊಳ್ಳುವಾಗ ನಾವು ಟೈರು ಒದ್ದು ನೋಡುತ್ತೇವೆ, ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗುತ್ತೇವೆ. ಕೀಲಿಯನ್ನು ಅರ್ಧ ತಿರುಗಿಸಿ ಮೀಟರನ್ನು ದಿಟ್ಟಿಸುವವರು ಕಡಿಮೆ. ಆ ಹಳದಿ ದೀಪ ಕೀಲಿ ತಿರುಗಿಸಿದಾಗ ಹತ್ತಬೇಕು, ಎಂಜಿನ್ ಹತ್ತಿದ ಮೇಲೆ ಆರಬೇಕು. ಮೊದಲೇ ಹತ್ತದಿದ್ದರೆ ಗಾಡಿ ಆರೋಗ್ಯವಾಗಿದೆ ಎಂದಲ್ಲ, ಯಾರೋ ಅದರ ಬಾಯಿ ಕಟ್ಟಿದ್ದಾರೆ ಎಂದು. ನಾನು ಟೈರು ಒದ್ದವರ ಪೈಕಿ.

ನಾಲ್ಕನೆಯ ದಿನ ತಪ್ಪಲಿನ ಹಳ್ಳಿಯೊಂದರಿಂದ ಹದಿನೆಂಟು ಮೂಟೆ ಹೇರಿಕೊಂಡು ಹೊರಟಿದ್ದೆ. ಏರಿನ ಅರ್ಧಕ್ಕೆ ಬಂದಾಗ ಗಾಡಿ ಹಿಂದಿನಿಂದ ಯಾರೋ ಹಿಡಿದೆಳೆದಂತೆ ತಡೆಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಮೇಲೇಳುವುದಿಲ್ಲ. ದೀಪ ಹತ್ತಿದೆ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರ್ ನನ್ನನ್ನು ದಾಟಿಕೊಂಡು ಹೋಯಿತು. ಅದರ ಡ್ರೈವರ್ ತಿರುಗಿ ನೋಡಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಕೀಲಿ ತೆಗೆದು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ದೀಪ ಉರಿಯುತ್ತಲೇ ಇತ್ತು, ಆದರೆ ಶಕ್ತಿ ಮರಳಿತ್ತು. ಮಾವನವರು ಮನೆಯಲ್ಲಿ ಕಥೆ ಕೇಳಿ, "ಪಿಕಪ್‌ಗೆ ಪಿಕಪ್ಪೇ ಇಲ್ಲ ಎಂದಾಯಿತು" ಎಂದು ನಕ್ಕರು. ವಾರದ ನಂತರ ದೀಪ ತಾನಾಗಿಯೇ ಆರಿಹೋಯಿತು. ಇದಕ್ಕೂ ಒಂದು ಲೆಕ್ಕವಿದೆ ಎಂದು ಆಮೇಲೆ ತಿಳಿಯಿತು: ಮೂರು ಸಲ ಸಾಲಾಗಿ ಗಾಡಿ ಓಡಿದಾಗ ತಪ್ಪು ಮರುಕಳಿಸದಿದ್ದರೆ ಇಸಿಯು ದೀಪವನ್ನು ಆರಿಸುತ್ತದೆ. ಆ ತಪ್ಪಿನ ಗುರುತಾದ ಕೋಡನ್ನು ಮಾತ್ರ ಮರೆಯುವುದಿಲ್ಲ. ಎಂಜಿನ್ ನಲವತ್ತು ಸಲ ಕಾದು ತಣಿಯುವವರೆಗೂ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ದೀಪ ಆರಿತೆಂದು ನಾನು ಹಣ್ಣುಕಾಯಿ ಮಾಡಿಸಿದ್ದು ಸ್ವಲ್ಪ ಅವಸರವಾಯಿತು.

ಹತ್ತು ದಿನದೊಳಗೆ ಅದೇ ಏರು, ಅದೇ ದೀಪ. ಈ ಸಲ ತುಮಕೂರಿನ ದೊಡ್ಡ ಗ್ಯಾರೇಜೊಂದಕ್ಕೆ ಹೋದೆ. ಅಚ್ಚುಕಟ್ಟಾದ ನೆಲ, ನೀಲಿ ಸಮವಸ್ತ್ರದ ಹುಡುಗರು. ಒಬ್ಬ ಸ್ಟೇರಿಂಗ್ ಕೆಳಗಿನ ಹದಿನಾರು ಕಡ್ಡಿಯ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ಎರಡು ನಿಮಿಷ ಗುಂಡಿ ಒತ್ತಿ, ಕಾಗದದ ಮೇಲೆ ಪಿ0087, ಪಿ0401 ಎಂದು ಬರೆದುಕೊಟ್ಟ. ಒಳಗಿದ್ದ ಹಿರಿಯರು ಅದನ್ನು ನೋಡಿದವರೇ, "ಹೈ ಪ್ರೆಷರ್ ಪಂಪ್ ಮುಗಿದಿದೆ, ಇಂಜೆಕ್ಟರ್‌ಗಳನ್ನೂ ಬಿಚ್ಚಿಸಬೇಕು" ಎಂದರು. ಬಾನೆಟ್ ತೆರೆದಿರಲಿಲ್ಲ. ಅಂದಾಜು ಅರವತ್ತೆರಡು ಸಾವಿರ. ಯೋಚಿಸಿ ಹೇಳುತ್ತೇನೆಂದೆ. ಹುಡುಗ ಕೋಡುಗಳನ್ನು ಅಳಿಸಿ, ಸ್ಕ್ಯಾನಿಂಗಿಗೆ ಐನೂರು ತೆಗೆದುಕೊಂಡು ಕಳಿಸಿದ. ದೀಪ ಆರಿದ್ದಕ್ಕೆ ನಾನು ಅವನಿಗೆ ಧನ್ಯವಾದವನ್ನೂ ಹೇಳಿದೆ.

ಮನೆಯಲ್ಲಿ ಲೆಕ್ಕದ ಪುಸ್ತಕ ನನ್ನ ಹೆಂಡತಿಯ ಕೈಯಲ್ಲಿದೆ. ಅಂದಾಜಿನ ಚೀಟಿ ಓದಿ, "ಇಷ್ಟು ದುಡ್ಡಿಗೆ ಎಷ್ಟು ಮರ ಬಡಿಸಬೇಕೆಂದು ಲೆಕ್ಕ ಹಾಕಿದ್ದೀರಾ?" ಎಂದಳು. ಹಾಕಿದ್ದೆ. ಅದಕ್ಕೇ ರಾತ್ರಿ ನಿದ್ದೆ ಬಂದಿರಲಿಲ್ಲ.

ಬೆಂಗಳೂರಿನಲ್ಲಿರುವ ಭಾವಮೈದ ಎಂಟುನೂರು ರೂಪಾಯಿಯ ಒಂದು ಬ್ಲೂಟೂತ್ ಅಡಾಪ್ಟರ್ ಕಳಿಸಿದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದನ್ನು ಅದೇ ಸಾಕೆಟ್ಟಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ಆ್ಯಪ್ ಹಾಕಿ, 1234 ಎಂಬ ಗುಟ್ಟಿನ ಸಂಖ್ಯೆ ಕೊಟ್ಟರೆ ಗಾಡಿ ಮಾತಾಡತೊಡಗುತ್ತದೆ. ಅಷ್ಟು ಹೊತ್ತಿಗೆ ಪಿಯುಸಿ ವಿಜ್ಞಾನ ಓದುವ ಮಗಳು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡಾಗಿತ್ತು. ಕೋಡು ಬರೆದಿರುವ ಕ್ರಮವನ್ನು ಅರ್ಥ ಮಾಡಿಸಿದವಳೂ ಅವಳೇ. ಮೊದಲಿನ ಪಿ ಎಂದರೆ ಎಂಜಿನ್ ಮತ್ತು ಗೇರಿಗೆ ಸಂಬಂಧಪಟ್ಟದ್ದು. ಬಿ ಗಾಡಿಯ ಬಾಡಿಯದ್ದು, ಸಿ ಚಾಸಿಯದ್ದು, ಯು ಎಂದರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆಯದ್ದು. ಆಮೇಲಿನ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡು, ಒಂದು ಇದ್ದರೆ ಆಯಾ ಕಂಪನಿಯದೇ ಗುಟ್ಟು. ಪಿ0087 ಎಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಸಾಲದು. ಪಿ0401 ಎಂದರೆ ಇಜಿಆರ್ ಎಂಬ ಕವಾಟದ ಮೂಲಕ ಎಂಜಿನ್ನಿಗೆ ವಾಪಸ್ ಬರಬೇಕಾದ ಹೊಗೆ ಸಾಕಷ್ಟು ಬರುತ್ತಿಲ್ಲ.

"ಅಪ್ಪ, ಇದರಲ್ಲಿ ಪಂಪ್ ಕೆಟ್ಟಿದೆ ಎಂದು ಎಲ್ಲಿ ಬರೆದಿದೆ?" ಎಂದು ಕೇಳಿದಳು.

ಎಲ್ಲಿಯೂ ಬರೆದಿರಲಿಲ್ಲ. ಮನೆಗೆ ನೀರು ಬರುತ್ತಿಲ್ಲ ಎಂದು ಪಂಚಾಯಿತಿಗೆ ಬರೆದ ಅರ್ಜಿ ಇದ್ದ ಹಾಗೆ ಈ ಕೋಡು. ನಲ್ಲಿ ಕಟ್ಟಿದೆಯೋ, ಪೈಪ್ ಒಡೆದಿದೆಯೋ, ಟ್ಯಾಂಕ್ ಖಾಲಿಯೋ, ಮೋಟಾರ್ ಸುಟ್ಟಿದೆಯೋ ಎನ್ನುವುದು ಅರ್ಜಿಯಲ್ಲಿ ಇರುವುದಿಲ್ಲ. ಗ್ಯಾರೇಜಿನವರು ಅರ್ಜಿ ಓದಿದ ಕೂಡಲೇ ಹೊಸ ಮೋಟಾರಿಗೆ ದರ ಕೂಗಿದ್ದರು.

ಆದರೆ ಅಡಾಪ್ಟರ್‌ನಲ್ಲಿ ನಮಗೆ ಸಿಕ್ಕಿದ್ದು ಬೋಳು ಕಡತ. ಕೋಡು ದಾಖಲಾದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಕಾದಿತ್ತು ಎಂಬುದನ್ನೆಲ್ಲ ಇಸಿಯು ಒಂದು ಫೋಟೋ ತೆಗೆದಂತೆ ಹಿಡಿದಿಡುತ್ತದೆ. ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡು ಅಳಿಸಿದರೆ ಆ ಫೋಟೋವೂ ಹೋಗುತ್ತದೆ. ನಾನು ಧನ್ಯವಾದ ಹೇಳಿದ್ದು ಸಾಕ್ಷಿ ನಾಶ ಮಾಡಿದವನಿಗೆ. ಇನ್ನೊಂದು ಅಂಕಿ ಮಾತ್ರ ಉಳಿದಿತ್ತು: ಕೋಡು ಅಳಿಸಿದ ಮೇಲೆ ಓಡಿದ ದೂರ, 41 ಕಿಲೋಮೀಟರ್. ಹಳೆಯ ಗಾಡಿ ಕೊಳ್ಳುವಾಗ ಈ ಅಂಕಿಯೊಂದನ್ನು ನೋಡಿದರೂ ಸಾಕು. ಮಾರುವವನು "ಒಂದು ದಿನವೂ ತೊಂದರೆ ಕೊಟ್ಟಿಲ್ಲ ಸ್ವಾಮಿ" ಎನ್ನುತ್ತಿರುವಾಗ ಅದು ಹನ್ನೆರಡು ಕಿಲೋಮೀಟರ್ ಎಂದು ತೋರಿಸಿದರೆ, ಬೆಳಿಗ್ಗೆ ತಾನೇ ಯಾರೋ ಅಳಿಸಿದ್ದಾರೆ ಎಂದು ತಿಳಿಯಬಹುದು.

ಇನ್ನು ನನ್ನ ಕಡೆಯ ಪೆದ್ದತನಗಳು. ಒಂದನೆಯದು, ಅಡಾಪ್ಟರನ್ನು ಸಾಕೆಟ್ಟಿನಲ್ಲೇ ಬಿಟ್ಟದ್ದು. ಅದರ ಹದಿನಾರನೆಯ ಕಡ್ಡಿಗೆ ಬ್ಯಾಟರಿಯಿಂದ ನೇರ ಸಂಪರ್ಕ. ಕೀಲಿ ತೆಗೆದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಮೊದಲೇ ಮುದಿಯಾಗಿದ್ದ ಬ್ಯಾಟರಿ, ಮದುವೆಯೊಂದರ ನೆಪದಲ್ಲಿ ಒಂದು ವಾರ ಗಾಡಿ ತೆಗೆಯಲಿಲ್ಲ. ಎಂಟನೆಯ ದಿನ ಕೀಲಿ ತಿರುಗಿಸಿದರೆ ಟಿಕ್ ಎಂದಷ್ಟೇ ಸದ್ದು. ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿದ ಮೇಲೆ ಪಿ0562 ಎಂಬ ಹೊಸ ಕೋಡು, ವೋಲ್ಟೇಜ್ ಕಡಿಮೆ ಎಂದು. ಅದು ಗಾಡಿಯ ಕಾಯಿಲೆಯಲ್ಲ, ನಾನು ಅಂಟಿಸಿದ ಕಾಯಿಲೆ.

ಎರಡನೆಯದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಎರಡು ಕೋಡುಗಳಲ್ಲಿ ಕೈಗೆ ಎಟುಕುವಂಥದ್ದು ಇಜಿಆರ್. ಹೊರಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಉಣಿಸಿ ಉರಿಯ ಬಿಸಿ ತಗ್ಗಿಸುವ ಕವಾಟ ಅದು. ಬಿಚ್ಚಿ ನೋಡಿದರೆ ಒಳಗೆ ಮುದ್ದೆ ಮಾಡಿದ ಪಾತ್ರೆಯ ತಳದಂತೆ ಮಸಿ ಸೀದು ಕೂತಿತ್ತು. ಹೆಬ್ಬೆರಳು ಹೋಗಬೇಕಾದ ದಾರಿಯಲ್ಲಿ ಕಿರುಬೆರಳೂ ಹೋಗದು. ಸ್ಕ್ರೂಡ್ರೈವರ್, ಬ್ರಷ್, ಕಾರ್ಬನ್ ತೆಗೆಯುವ ಸ್ಪ್ರೇ ಹಿಡಿದು ಸಂಜೆಯವರೆಗೆ ಕೆರೆದೆ. ಉಗುರಿನ ಸಂದಿಯ ಕಪ್ಪು ಮುಂದಿನ ಗುರುವಾರದ ತನಕ ಹೋಗಲಿಲ್ಲ. ಪಿ0401 ಮತ್ತೆ ಬರಲಿಲ್ಲ, ಆ ಮಟ್ಟಿಗೆ ಕೆಲಸ ದಂಡವಾಗಲಿಲ್ಲ. ಆದರೆ ಬುಧವಾರ ಮೂಟೆ ಹೇರಿಕೊಂಡು ಏರು ಹತ್ತಿದರೆ ಅದೇ ಜಾಗ, ಅದೇ ಸುಸ್ತು, ಅದೇ ದೀಪ. ಎರಡು ಕಾಯಿಲೆ ಒಟ್ಟಿಗೆ ಇದ್ದವು. ನಾನು ಸುಲಭದ್ದನ್ನು ಮೊದಲು ಹಿಡಿದು, ಅದೇ ಮುಖ್ಯವಾದದ್ದೆಂದು ನಂಬಿದ್ದೆ.

ಈ ಸಲ ಅಳಿಸಲಿಲ್ಲ. ಫೋಟೋ ಸಿಕ್ಕಿತು: ಪಿ0087, ವೇಗ 34, ಸುತ್ತು 2,380, ಎಂಜಿನ್ ಮೇಲಿನ ಹೊರೆ ಶೇ 97, ನೀರಿನ ಬಿಸಿ 88 ಡಿಗ್ರಿ. ಮಗಳು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ಒಂದು ಪಟ್ಟಿ ಮಾಡಿದಳು. ದೀಪ ಹತ್ತಿದ ದಿನ, ಎಷ್ಟು ಮೂಟೆ, ಯಾವ ಜಾಗ, ಡೀಸೆಲ್ ಮುಳ್ಳು ಎಲ್ಲಿತ್ತು. ಕೊನೆಯ ಕಲಂ ಯಾಕೆಂದು ಕೇಳಿದೆ. "ಸುಮ್ಮನೆ, ಮೀಟರಿನಲ್ಲಿ ಕಾಣುವುದನ್ನೆಲ್ಲ ಬರೆಯೋಣ" ಎಂದಳು. ಹಿಂದಿನ ದಿನಗಳ ಡೀಸೆಲ್ ಲೆಕ್ಕ ಹೆಂಡತಿಯ ಪುಸ್ತಕದಲ್ಲಿ ಇದ್ದೇ ಇತ್ತು.

ಆ ಪಟ್ಟಿ ಹಿಡಿದುಕೊಂಡು ಕೊರಟಗೆರೆಯ ಮೆಕ್ಯಾನಿಕ್ ಹತ್ತಿರ ಹೋದೆ. ಊರಿಗೆಲ್ಲ ಅವರು ಭಾಯ್. ನಲವತ್ತು ವರ್ಷದಿಂದ ಡೀಸೆಲ್ ಎಂಜಿನ್ ಕೈಯಾಡಿಸಿದವರು. ಸ್ಕ್ಯಾನರ್ ಎಂದರೆ ಅಷ್ಟಕ್ಕಷ್ಟೆ, ಆದರೆ ಅದು ಹೇಳಿದ್ದನ್ನು ತಳ್ಳಿಹಾಕುವವರೂ ಅಲ್ಲ. ಅಂದಾಜಿನ ಚೀಟಿ ನೋಡಿ ಏನೂ ಮಾತಾಡಲಿಲ್ಲ, ಮಡಚಿ ನನಗೇ ಕೊಟ್ಟರು. "ಪಂಪ್ ಕೆಟ್ಟಿರಬಹುದು ಸ್ವಾಮಿ. ಆದರೆ ಪಂಪಿಗೆ ಡೀಸೆಲ್ ಬರುತ್ತಿದೆಯೇ ಎಂದು ಮೊದಲು ನೋಡಬೇಕಲ್ಲ" ಎಂದರು.

ಕಾಮನ್ ರೈಲಿನ ಒತ್ತಡವೆಂದರೆ ಸಾಮಾನ್ಯದ್ದಲ್ಲ. ಲಾರಿ ಟೈರಿನಲ್ಲಿ ಸುಮಾರು ಎಂಟು ಬಾರ್ ಗಾಳಿ ಇರುತ್ತದೆ. ಈ ಬಗೆಯ ಎಂಜಿನ್‌ಗಳಲ್ಲಿ ಸುಮ್ಮನೆ ನಿಂತಾಗಲೇ ರೈಲಿನಲ್ಲಿ ಮುನ್ನೂರು ಬಾರ್ ಆಸುಪಾಸು, ಹೊರೆ ಬಿದ್ದಾಗ ಸಾವಿರವನ್ನು ದಾಟುತ್ತದೆ. ಆ್ಯಪ್ ಅದನ್ನು ಕಿಲೋಪಾಸ್ಕಲ್‌ನಲ್ಲಿ ತೋರಿಸುತ್ತದೆ. ಮೊದಲ ಸಲ 29,000 ಎಂದು ಕಂಡಾಗ ಎಂಜಿನ್ ಸಿಡಿಯುತ್ತದೇನೋ ಎಂದು ಹೆದರಿದ್ದೆ. ನೂರರಿಂದ ಭಾಗಿಸಿದರೆ 290 ಬಾರ್, ಸರಿಯಾಗಿಯೇ ಇದೆ. ಭಾಯ್ ಅವರ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ ಸ್ಪ್ಯಾನರ್ ಹಿಡಿದು, ಓಡುತ್ತಿರುವ ಎಂಜಿನ್ನಿನ ಇಂಜೆಕ್ಟರ್ ನಟ್ಟಿಗೆ ಕೈ ಹಾಕಲು ಹೊರಟ. ಹಳೆಯ ಎಂಜಿನ್ನಿನಲ್ಲಿ ಹಾಗೆ ಒಂದೊಂದನ್ನೇ ಸಡಿಲಿಸಿ ಯಾವುದು ಸತ್ತಿದೆ ಎಂದು ಪತ್ತೆ ಮಾಡುತ್ತಿದ್ದರು. ಭಾಯ್ ಅವನ ಕೈಗೆ ಪಟ್ಟೆಂದು ಹೊಡೆದರು. ಅಷ್ಟು ಒತ್ತಡದ ಡೀಸೆಲ್ ಕೂದಲೆಳೆಯಷ್ಟು ಸಂದಿಯಿಂದ ಹೊರಟರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟು ಗಾಯ ಕಾಣುತ್ತದೆ, ಬೆರಳೇ ಹೋಗುತ್ತದೆ. "ಇದು ಅಜ್ಜನ ಕಾಲದ ಎಂಜಿನ್ ಅಲ್ಲ" ಎಂದಷ್ಟೇ ಹೇಳಿದರು. ಹುಡುಗ ಆ ದಿನ ಪೂರ್ತಿ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮೊದಲು ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡಿದೆವು. ಎಂಜಿನ್ ರಾತ್ರಿಯೆಲ್ಲ ನಿಂತಿದ್ದಾಗ ಕೀಲಿ ಮಾತ್ರ ತಿರುಗಿಸಿದರೆ ಒತ್ತಡ ಸೊನ್ನೆಯ ಹತ್ತಿರ ಇರಬೇಕು, ಇತ್ತು. ಡೀಸೆಲ್ ಫಿಲ್ಟರ್ ಬದಲಿಸಿದೆವು. ಹಳೆಯದನ್ನು ಕುಯ್ದು ನೋಡಿದರೆ ಕಾಗದದ ಮಡಿಕೆಗಳು ಕಾಫಿ ಬಣ್ಣಕ್ಕೆ ತಿರುಗಿದ್ದವು, ತಳದಲ್ಲಿ ಎರಡು ಚಮಚದಷ್ಟು ನೀರು. ಗಾಡಿ ತುಸು ಹಗುರಾಯಿತು ಎನಿಸಿತು. ಏರಿನಲ್ಲಿ ಅಲ್ಲ.

ಆಮೇಲೆ ಇಂಜೆಕ್ಟರ್ ಪರೀಕ್ಷೆ. ಇದನ್ನು ನಿಂತು ನೋಡಬೇಕಿತ್ತು. ಪ್ರತಿ ಇಂಜೆಕ್ಟರ್ ತನಗೆ ಬಂದ ಡೀಸೆಲ್‌ನಲ್ಲಿ ಒಂದಿಷ್ಟನ್ನು ಸಣ್ಣ ಪೈಪಿನ ಮೂಲಕ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಸವೆದ ಇಂಜೆಕ್ಟರ್ ಹೆಚ್ಚು ಕಳಿಸುತ್ತದೆ, ಆಗ ರೈಲಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಭಾಯ್ ಆ ನಾಲ್ಕು ವಾಪಸಾತಿ ಪೈಪುಗಳನ್ನು ತೆಗೆದು, ಅವುಗಳ ಜಾಗಕ್ಕೆ ಆಸ್ಪತ್ರೆಯ ಸಲೈನ್ ಪೈಪಿನ ತುಂಡುಗಳನ್ನು ಸಿಕ್ಕಿಸಿದರು. ಇನ್ನೊಂದು ತುದಿಗಳು ಬಾನೆಟ್ಟಿನಿಂದ ಇಳಿಬಿಟ್ಟ ನಾಲ್ಕು ಅರ್ಧ ಲೀಟರ್ ನೀರಿನ ಬಾಟಲಿಗಳ ಒಳಗೆ. ಎಂಜಿನ್ ಹತ್ತಿಸಿದರು. ಯಾರೂ ಮಾತಾಡಲಿಲ್ಲ. ವಾರ್ಡಿನಲ್ಲಿ ಸಾಲಾಗಿ ಮಲಗಿದ ನಾಲ್ಕು ರೋಗಿಗಳಂತೆ ಬಾಟಲಿಗಳು ಮೆಲ್ಲನೆ ತುಂಬತೊಡಗಿದವು. ಐದು ನಿಮಿಷ ಬಿಟ್ಟು ಆರಿಸಿ, ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಮೂರನೆಯದರಲ್ಲಿ ಅರ್ಧ ಬೆರಳಿನಷ್ಟು ಹೆಚ್ಚು, ಉಳಿದವು ಸಮ. "ಇಂಜೆಕ್ಟರ್‌ಗೆ ಇನ್ನೂ ಆಯುಸ್ಸಿದೆ" ಎಂದರು. ಅರವತ್ತೆರಡು ಸಾವಿರದಲ್ಲಿ ದೊಡ್ಡ ಪಾಲು ಆ ಬೆಂಚಿನ ಮೇಲೆಯೇ ಕರಗಿತು.

ಆಗಲೇ ಅವರು ಮಗಳ ಪಟ್ಟಿಯನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡದ್ದು. ಕನ್ನಡಕ ಹಣೆಗೇರಿಸಿ, ಬೆರಳನ್ನು ಕೊನೆಯ ಕಲಮಿನ ಮೇಲೆ ಇಳಿಸುತ್ತಾ ಹೋದರು. ದೀಪ ಹತ್ತಿದ ನಾಲ್ಕೂ ಸಲ ಡೀಸೆಲ್ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಟ್ಯಾಂಕ್ ತುಂಬಿಸಿದ ದಿನ ಅದೇ ಏರನ್ನು, ಅಷ್ಟೇ ಮೂಟೆ ಹೊತ್ತು ಗಾಡಿ ತಕರಾರಿಲ್ಲದೆ ಹತ್ತಿತ್ತು.

"ಇದನ್ನು ಬರೆದವರು ಯಾರು?"

"ನನ್ನ ಮಗಳು."

"ಅವಳನ್ನು ಇಲ್ಲಿ ಕೆಲಸಕ್ಕೆ ಕಳಿಸಿ, ಈ ಹುಡುಗನನ್ನು ನೀವು ಕಾಲೇಜಿಗೆ ಕರೆದುಕೊಂಡು ಹೋಗಿ" ಎಂದರು ಭಾಯ್. "ಗಾಡಿ ಏರ್ ಎಳೆಯುತ್ತಿದೆ ಸ್ವಾಮಿ."

ನನಗೆ ಅರ್ಥವಾಗಲಿಲ್ಲ. ಪೈಪ್ ತೂತಾಗಿದ್ದರೆ ಡೀಸೆಲ್ ಸೋರಬೇಕು, ನೆಲದ ಮೇಲೆ ಕಲೆ ಕಾಣಬೇಕು. ನಮ್ಮ ಅಂಗಳದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅವರು ವಿವರಿಸಿದರು. ಈ ಗಾಡಿಯ ಟ್ಯಾಂಕಿನೊಳಗೆ ಡೀಸೆಲ್ ತಳ್ಳುವ ಪಂಪ್ ಇಲ್ಲ. ಎಂಜಿನ್ ಕಡೆಯ ಪಂಪೇ ಅಲ್ಲಿಂದ ಹೀರಿಕೊಳ್ಳಬೇಕು. ಸ್ಟ್ರಾ ಹಾಕಿ ಎಳನೀರು ಕುಡಿದಂತೆ. ಸ್ಟ್ರಾದಲ್ಲಿ ಸಣ್ಣ ಸೀಳಿದ್ದರೆ ಎಳನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಕಾಯಿ ತುಂಬಿದ್ದಾಗ ಹೇಗೋ ನಡೆಯುತ್ತದೆ. ನೀರು ತಳಕ್ಕೆ ಇಳಿದಾಗ ಜೋರಾಗಿ ಹೀರಬೇಕು, ಆಗ ಬಾಯಿಗೆ ಬರುವುದು ಬರೀ ಗಾಳಿ. ಏರಿನಲ್ಲಿ ಎಂಜಿನ್ ಟ್ಯಾಂಕಿಗಿಂತ ಮೇಲಿರುತ್ತದೆ, ಮೂಟೆಯ ಭಾರಕ್ಕೆ ಡೀಸೆಲ್ ಹೆಚ್ಚು ಬೇಕಾಗುತ್ತದೆ, ಅಂದರೆ ಇನ್ನೂ ಜೋರಾಗಿ ಹೀರಬೇಕು. ಗಾಳಿ ಬೆರೆತ ಡೀಸೆಲ್‌ನಿಂದ ಪಂಪ್ ಒತ್ತಡ ಕಟ್ಟಲಾರದು. ಇಸಿಯು ಇದನ್ನು ಕಂಡು, ಎಂಜಿನ್ನಿಗೆ ಪೆಟ್ಟಾಗದಿರಲಿ ಎಂದು ಶಕ್ತಿಯನ್ನು ಕಡಿತ ಮಾಡಿ ದೀಪ ಹತ್ತಿಸುತ್ತದೆ. ನಾನು ಎರಡು ತಿಂಗಳು ಒದ್ದಾಡಿದ್ದಕ್ಕೆ ಅವರು ಎಳನೀರಿನಲ್ಲಿ ಉತ್ತರ ಕೊಟ್ಟುಬಿಟ್ಟರು.

ಕಣ್ಣಿಂದ ನೋಡಲು ಪಾರದರ್ಶಕ ಪೈಪ್ ಬೇಕಿತ್ತು. ಸಲೈನ್ ಪೈಪ್ ಇದಕ್ಕೆ ತೀರಾ ಸಣ್ಣದು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವನ ಮಟ್ಟದ ಟ್ಯೂಬ್ ಕಣ್ಣಿಗೆ ಬಿತ್ತು. ನೀರು ತುಂಬಿ ಗೋಡೆಯಿಂದ ಗೋಡೆಗೆ ಮಟ್ಟ ನೋಡುತ್ತಾರಲ್ಲ, ಆ ಟ್ಯೂಬ್. ಐದು ನಿಮಿಷದ ಕೆಲಸ, ವಾಪಸ್ ಕೊಡುತ್ತೇವೆ ಎಂದು ಕೇಳಿಕೊಂಡು ತಂದೆ. ಭಾಯ್ ಅದರಿಂದ ಒಂದು ಗೇಣು ಕತ್ತರಿಸಿಯೇಬಿಟ್ಟರು. ಟ್ಯಾಂಕಿನಿಂದ ಬರುವ ಪೈಪಿಗೂ ಫಿಲ್ಟರಿಗೂ ನಡುವೆ ಅದನ್ನು ಸೇರಿಸಿ, ಕ್ಲಿಪ್ ಬಿಗಿದು, ಕೈಪಂಪಿನಿಂದ ಡೀಸೆಲ್ ತುಂಬಿಸಿ ಎಂಜಿನ್ ಹತ್ತಿಸಿದರು.

ನಿಂತಲ್ಲೇ ಓಡುವಾಗ ಟ್ಯೂಬಿನಲ್ಲಿ ತಿಳಿ ಹಳದಿ ಡೀಸೆಲ್ ಗಾಜಿನ ಕಡ್ಡಿಯಂತೆ ನಿಶ್ಚಲವಾಗಿತ್ತು. ಆಗೊಮ್ಮೆ ಈಗೊಮ್ಮೆ ಸಾಸಿವೆಯಷ್ಟು ಗುಳ್ಳೆಯೊಂದು ಮೆಲ್ಲನೆ ತೇಲಿ ಹೋಗುತ್ತಿತ್ತು. ಹುಡುಗ ಆಕ್ಸಿಲರೇಟರ್ ಒತ್ತಿದ. ಒಂದರ ಹಿಂದೆ ಒಂದು ಗುಳ್ಳೆಗಳು ಹೊರಟವು. ಇನ್ನೂ ಒತ್ತಿದ. ಗೋಲಿ ಸೋಡಾ ಒಡೆದಂತೆ ಇಡೀ ಟ್ಯೂಬ್ ಬೆಳ್ಳಗಾಯಿತು. ಭಾಯ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಟ್ಯೂಬನ್ನು ಟ್ಯಾಂಕಿನ ಪೈಪಿನಿಂದ ಬಿಡಿಸಿ, ಶುದ್ಧ ಡೀಸೆಲ್ ತುಂಬಿದ ಐದು ಲೀಟರಿನ ಕ್ಯಾನಿಗೆ ನೇರವಾಗಿ ಇಳಿಸಿದರು. ಮತ್ತೆ ಒತ್ತು. ಗುಳ್ಳೆ ಇಲ್ಲ. ಮೊಬೈಲಿನಲ್ಲಿ ರೈಲಿನ ಒತ್ತಡ ಸರಸರನೆ ಏರಿ ನಿಂತಿತು, ಒಮ್ಮೆಯೂ ಕುಸಿಯಲಿಲ್ಲ. ಅಂದರೆ ಪಂಪ್ ಚೆನ್ನಾಗಿದೆ, ಫಿಲ್ಟರ್ ಚೆನ್ನಾಗಿದೆ, ಕಳ್ಳ ಕೂತಿರುವುದು ಟ್ಯಾಂಕಿಗೂ ಫಿಲ್ಟರಿಗೂ ನಡುವಿನ ಎಂಟು ಅಡಿಯಲ್ಲಿ.

ಹುಡುಗ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ. ಲೋಹದ ಪೈಪ್ ಸರಿಯಾಗಿತ್ತು. ಅದು ಟ್ಯಾಂಕಿನ ನೆತ್ತಿಗೆ ಸೇರುವಲ್ಲಿ ಒಂದು ಮೊಳ ರಬ್ಬರ್ ಪೈಪ್, ಚಾಸಿಯ ಅಡ್ಡಪಟ್ಟಿಯ ಮೇಲೆ ಹಾದು ಹೋಗುತ್ತದೆ. ಹಿಂದೆ ಯಾರೋ ಕ್ಲಿಪ್ ಸಿಗದೆ ಕಟ್ಟುವ ತಂತಿಯಲ್ಲಿ ಬಿಗಿದಿದ್ದರು. ಮೇಲೆ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಬಿಚ್ಚಿ ತಂದು ಒರೆಸಿ ನನ್ನ ಕೈಗಿಟ್ಟ. ತಿರುಗಿಸಿ ತಿರುಗಿಸಿ ನೋಡಿದೆ, ಏನೂ ಕಾಣಲಿಲ್ಲ. ಭಾಯ್ ಅದನ್ನು ತೆಗೆದುಕೊಂಡು ಬಳೆಯಂತೆ ಬಗ್ಗಿಸಿದರು. ತಂತಿ ಕಚ್ಚಿದ್ದ ಜಾಗದ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿರುಕು ಬಾಯಿ ತೆರೆಯಿತು. ನೇರ ಮಾಡಿದರು, ಮುಚ್ಚಿತು. ಮತ್ತೆ ಬಗ್ಗಿಸಿದರು, ತೆರೆಯಿತು. ನಾನು ಆ ಪೈಪನ್ನು ಹಾಗೇ ನಾಲ್ಕೈದು ಸಲ ಬಗ್ಗಿಸಿ ನೋಡುತ್ತಾ ಕೂತಿದ್ದೆ. ನಾಲ್ಕು ಸಲ ನಡುರಸ್ತೆಯಲ್ಲಿ ನಿಲ್ಲಿಸಿದ್ದು, ಒಂದು ಭಾನುವಾರ ನುಂಗಿದ್ದು, ಟ್ರ್ಯಾಕ್ಟರಿನವನಿಂದ ನಗಿಸಿಕೊಂಡದ್ದು ಈ ಅಕ್ಕಿಕಾಳು.

ಡೀಸೆಲ್ ತಡೆಯುವ ರಬ್ಬರ್ ಪೈಪ್ ಕೊರಟಗೆರೆಯಲ್ಲಿ ಅಳತೆಗೆ ಸಿಗಲಿಲ್ಲ. ನೀರಿನ ಪೈಪ್ ಹಾಕಿಬಿಡೋಣವೇ ಎಂದು ಕೇಳಿದೆ. ಎರಡು ತಿಂಗಳಿಗೆ ಉಬ್ಬಿ ಮೆತ್ತಗಾಗುತ್ತದೆ, ಬೇಡ ಎಂದರು. ಮರುದಿನ ತುಮಕೂರಿಗೆ ಬಸ್ಸಿನಲ್ಲಿ ಹೋಗಿ ಗುಬ್ಬಿ ಗೇಟ್ ಬಳಿ ಎರಡು ಅಡಿ ಪೈಪ್, ಎರಡು ಕ್ಲಿಪ್ ತಂದೆ. ಎಲ್ಲ ಸೇರಿ ಇನ್ನೂರ ನಲವತ್ತು ರೂಪಾಯಿ. ಭಾಯ್ ಎರಡು ದಿನದ ಕೂಲಿಯೆಂದು ಒಂದೂವರೆ ಸಾವಿರ ಕೇಳಿದರು. ಎರಡು ಸಾವಿರ ಕೊಟ್ಟರೆ ಐನೂರನ್ನು ಹುಡುಗನ ಜೇಬಿಗೆ ಹಾಕಿದರು.

ಪರೀಕ್ಷೆಗೆ ನಮ್ಮ ಏರು ಸಾಲದು ಎನಿಸಿ, ಮೂಟೆ ಹೇರಿಕೊಂಡು ದೇವರಾಯನದುರ್ಗದ ಬೆಟ್ಟಕ್ಕೇ ಗಾಡಿ ತಿರುಗಿಸಿದೆ. ಬೇಕೆಂದೇ ಡೀಸೆಲ್ ಮುಳ್ಳು ಕಾಲು ಭಾಗಕ್ಕೆ ಇಳಿಯುವವರೆಗೆ ಕಾದಿದ್ದೆವು. ಭೋಗನರಸಿಂಹಸ್ವಾಮಿಯ ಗುಡಿ ದಾಟಿ ಮೇಲಿನ ತಿರುವುಗಳು ಶುರುವಾದಾಗ ಮಗಳು ಪಕ್ಕದಲ್ಲಿ ಕೂತು ಒತ್ತಡವನ್ನು ಹರಾಜಿನಲ್ಲಿ ಬೆಲೆ ಕೂಗಿದಂತೆ ಕೂಗತೊಡಗಿದಳು. ತೊಂಬತ್ತು ಸಾವಿರ, ಒಂದು ಲಕ್ಷ, ಒಂದು ಲಕ್ಷದ ಹತ್ತು, ಒಂದು ಲಕ್ಷದ ಇಪ್ಪತ್ತು. ಕೋತಿಗಳು ದಾರಿ ಬಿಟ್ಟವು. ಎರಡನೆಯ ಗೇರಿನಲ್ಲಿ ಎಂಜಿನ್ ಗೊಣಗಿಕೊಂಡು ಹತ್ತಿತೇ ಹೊರತು ಒಮ್ಮೆಯೂ ಕುಂದಲಿಲ್ಲ. ನನ್ನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಟೇಪು ಕಿತ್ತ ಜಾಗದ ಮೇಲಿತ್ತು. ಆ ಅಂಟಿನ ಕಲೆ ಇನ್ನೂ ಹೋಗಿಲ್ಲ. ಮೇಲೆ ತಲುಪಿ ಎಂಜಿನ್ ಆರಿಸಿದ ಮೇಲೆ ಖಾತ್ರಿಯಾಗದ ಕೋಡುಗಳ ಪಟ್ಟಿಯನ್ನೂ ತೆರೆದು ನೋಡಿದೆವು. ಒಂದೇ ಸಲ ಕಂಡ ತಪ್ಪನ್ನು ಎಷ್ಟೋ ವೇಳೆ ಇಸಿಯು ದೀಪ ಹತ್ತಿಸದೆ ಅಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದೂ ಖಾಲಿ.

ಇಳಿದು ಬರುವಾಗ ಭಾಯ್ ಅವರ ಗ್ಯಾರೇಜಿನ ಮುಂದೆ ಗಾರೆಯವನು ನಿಂತಿದ್ದ. ಕೈಯಲ್ಲಿ ಗೇಣು ಕಡಿಮೆಯಾದ, ಡೀಸೆಲ್ ವಾಸನೆ ಹೊಡೆಯುವ ಟ್ಯೂಬ್. ನೀರು ತುಂಬಿದರೆ ಒಳಗೆ ಎಣ್ಣೆಯ ಪೊರೆ ಕಟ್ಟಿ ಮಟ್ಟವೇ ಕಾಣುತ್ತಿಲ್ಲವಂತೆ. ವಾದ ಮಾಡುವ ಮುಖ ನನಗಿರಲಿಲ್ಲ. ಅಂಗಡಿಗೆ ಕರೆದುಕೊಂಡು ಹೋಗಿ ಮೂವತ್ತು ಅಡಿಯ ಹೊಸ ಟ್ಯೂಬ್ ಕೊಡಿಸಿದೆ. ಇನ್ನೂರ ಎಂಬತ್ತು ರೂಪಾಯಿ. ಹೆಂಡತಿ ಅದನ್ನೂ ಗಾಡಿ ರಿಪೇರಿಯ ಖರ್ಚಿನಲ್ಲೇ ಬರೆದಳು, ಪೈಪಿನ ಮೇಲಿನ ಸಾಲಿನಲ್ಲಿ.